ಮನೆಯಲ್ಲೊಂದು ಬೈಠಕ್: ಹುಬ್ಬಳ್ಳಿ-ಧಾರವಾಡದ ಆತಿಥ್ಯ ಪರಂಪರೆ ಮತ್ತು ಏರ್ಪಾಟಿನ ಕ್ರಮ

ಮನೆಗೆ ನಾಲ್ಕು ಜನರನ್ನು ಕರೆದು ಸಂತೋಷಕೂಟ ನಡೆಸುವುದೆಂದರೆ ಇಂದು ನಗರವಾಸಿಗಳ ಕಣ್ಣ ಮುಂದೆ ಬರುವ ಚಿತ್ರಗಳೇ ಬೇರೆ. ಬಾಡಿಗೆಯ ದೀಪಾಲಂಕಾರ, ಧ್ವನಿವರ್ಧಕ, ಹೋಟೆಲಿನಿಂದ ತರಿಸಿದ ತಿನಿಸು, ಮೊಬೈಲಿನಲ್ಲಿ ಛಾಯಾಚಿತ್ರ, ಇಷ್ಟರಲ್ಲಿ ಸಂಜೆ ಮುಗಿಯುತ್ತದೆ. ಆದರೆ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ತನ್ನದೇ ಆದ ಒಂದು ಸಂತೋಷಕೂಟವಿದೆ. ಅದರ ಹೆಸರು ಬೈಠಕ್. ನಡುಮನೆಯಲ್ಲಿ ಜಮಖಾನ ಹಾಸಿ, ಒಬ್ಬ ಗಾಯಕರನ್ನೋ ವಾದಕರನ್ನೋ ಬರಮಾಡಿಕೊಂಡು, ಮೂವತ್ತು ನಲವತ್ತು ಮಂದಿ ಆಪ್ತರು ಕೂಡಿ ಕುಳಿತು ಎರಡು ಮೂರು ತಾಸು ಸಂಗೀತ ಕೇಳಿ, ಬಳಿಕ ಜೋಳದ ರೊಟ್ಟಿಯ ಊಟ ಮಾಡಿ ಏಳುವ ಈ ಪದ್ಧತಿ ಖರ್ಚಿನಲ್ಲಿ ಸರಳ, ನೆನಪಿನಲ್ಲಿ ದೀರ್ಘ.

ಹಳೆಯ ಮನೆಗಳ ನಡುಮನೆ, ಪಡಸಾಲೆಗಳು ಕರಗಿ ವಸತಿ ಸಮುಚ್ಚಯಗಳು ಏಳುತ್ತಿರುವ ಈ ಕಾಲದಲ್ಲಿ ಬೈಠಕ್ ಉಳಿಯುವುದೇ ಎಂಬ ಪ್ರಶ್ನೆ ರಸಿಕರಲ್ಲಿದೆ. ಜಾಗ ಚಿಕ್ಕದಾದ ಮಾತ್ರಕ್ಕೆ ಅದು ಅಳಿಯಬೇಕಾಗಿಲ್ಲ. ಏರ್ಪಡಿಸುವ ಬಗೆ ತಿಳಿದಿರಬೇಕು. ಆ ಪರಂಪರೆಯ ಹಿನ್ನೆಲೆ ಹಾಗೂ ಏರ್ಪಾಟಿನ ವಿವರಗಳು ಇಲ್ಲಿವೆ.

ಪರಂಪರೆಯ ಹಿನ್ನೆಲೆ

ಧಾರವಾಡ ಪ್ರದೇಶ ಹಿಂದೂಸ್ತಾನಿ ಸಂಗೀತದ ತವರಾಗಿ ಬೆಳೆದುದಕ್ಕೆ ದೊಡ್ಡ ಸಭಾಂಗಣಗಳಿಗಿಂತ ಮನೆಗಳ ಕೊಡುಗೆಯೇ ಹಿರಿದೆನ್ನಬೇಕು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937) ಧಾರವಾಡಕ್ಕೆ ಬಂದಾಗ ಗಂಗೂಬಾಯಿ ಹಾನಗಲ್ ಅವರ ತಾಯಿ, ಕರ್ನಾಟಕ ಸಂಗೀತದ ಗಾಯಕಿ ಅಂಬಾಬಾಯಿ ಅವರ ಹಾಡುಗಾರಿಕೆ ಕೇಳಲು ಬರುತ್ತಿದ್ದರು. ಉತ್ತರದ ಉಸ್ತಾದರು ದಕ್ಷಿಣದ ಸಂಗೀತವನ್ನು ಆಲಿಸಿದುದು ಇಂತಹ ಆಪ್ತ ಕೂಟಗಳಲ್ಲಿ. ಮಗುವಾಗಿದ್ದ ಗಂಗೂಬಾಯಿಯವರ ಕಿವಿಗೆ ಎರಡೂ ಪದ್ಧತಿಗಳು ಬಿದ್ದುದೂ ಅಲ್ಲಿಯೇ.

ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳದ ನಾಡಿಗೇರ ವಾಡೆ ಮನೆಯ ಆತಿಥ್ಯಕ್ಕೆ ಅತ್ಯುತ್ತಮ ನಿದರ್ಶನ. ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವ ಎಂದೇ ಖ್ಯಾತರಾದ ರಾಮಭಾವು ಕುಂದಗೋಳಕರ (1886-1952) ಅವರಿಗೆ ನಾಡಿಗೇರ ಮನೆತನ ಆಶ್ರಯ ನೀಡಿತ್ತು. ಅವರ ಪುಣ್ಯತಿಥಿಯ ಸಂಗೀತೋತ್ಸವಕ್ಕೂ ಅದೇ ವಾಡೆ ವೇದಿಕೆಯಾಯಿತು. ಅಹೋರಾತ್ರಿ ನಡೆಯುವ ಆ ಗಾಯನಕ್ಕೆ ಬಂದವರು ಒಂದು ಮನೆತನದ ಅಂಗಳದಲ್ಲಿ ಕುಳಿತು ದೇಶದ ದೊಡ್ಡ ಗಾಯಕರನ್ನು ಕೇಳಿದ್ದಾರೆ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡದ್ದು, ರೋಣದ ಭೀಮಸೇನ ಜೋಶಿ (1922-2011) ಗುರುವಿನ ಮನೆಯಲ್ಲೇ ಇದ್ದು ಕಲಿತದ್ದು ಸಂಗೀತಪ್ರಿಯರಿಗೆಲ್ಲ ತಿಳಿದ ಸಂಗತಿ.

ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನಸೂರ (1910-1992), ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು (1917-1991) ಇದೇ ನೆಲದವರು. ಧಾರವಾಡದಲ್ಲಿ ಮನಸೂರರು ವಾಸವಾಗಿದ್ದ 'ಮೃತ್ಯುಂಜಯ' ಹಾಗೂ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿಯವರು ಬಾಳಿದ 'ಗಂಗಾಲಹರಿ' ಇಂದು ಸ್ಮಾರಕಗಳಾಗಿ ನಿಂತಿವೆ.

ಸಾಹಿತ್ಯದ ಮಾತೂ ಇದೇ ಆಗಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ' ಧಾರವಾಡದ ಲೇಖಕರಿಗೆ ಹರಟೆಯ ತಾಣವಾಗಿತ್ತು. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಬಂದು ಕುಳಿತ ಆ ಇಕ್ಕಟ್ಟಾದ ಅಟ್ಟದಲ್ಲಿ ವೈಭವವೇನೂ ಇರಲಿಲ್ಲ. ಬಂದವರನ್ನು ಕುಳ್ಳಿರಿಸಿ ಮಾತನಾಡಿಸುವ ಮನಸ್ಸು ಇತ್ತು. ಆತಿಥ್ಯಕ್ಕೆ ಬೇಕಾದ ಮೊದಲ ಸಾಮಗ್ರಿ ಅದೇ.

ಪಂಕ್ತಿಯ ಪ್ರಶ್ನೆ

ಈ ಪರಂಪರೆಯನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಗಾಯನವನ್ನು ಮೆಚ್ಚಿದ ಮನೆಗಳೆಲ್ಲ ಗಾಯಕಿಯನ್ನು ಜೊತೆಯಲ್ಲಿ ಕೂಡ್ರಿಸಿಕೊಂಡು ಉಣ್ಣಲಿಲ್ಲ. 1924ರಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಸ್ವಾಗತ ಗೀತೆ ಹಾಡಿದರು. ಅಂದು ತಮ್ಮನ್ನು ಕಾಡಿದ್ದು ಹಾಡಿನ ಚಿಂತೆಯಲ್ಲ, ಊಟದ ಹೊತ್ತಿನಲ್ಲಿ ಜಾತಿಯ ಕಾರಣಕ್ಕೆ ತಮ್ಮನ್ನು ಹೇಗೆ ನಡೆಸಿಕೊಳ್ಳುವರೋ ಎಂಬ ಅಳುಕು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದುಂಟು. ಅವರಿಗೆ 2002ರಲ್ಲಿ ಪದ್ಮವಿಭೂಷಣ ಸಂದಿತು. ಆದರೆ ಬಾಲ್ಯದ ಆ ಅಳುಕು ಪ್ರತಿ ಆತಿಥೇಯರಿಗೂ ಪಾಠವಾಗಬೇಕು.

ಮನೆಯ ಕೂಟವೊಂದು ಸ್ಮರಣೀಯವಾಯಿತೇ ಎಂಬುದನ್ನು ಅಳೆಯಬೇಕಾದುದು ಪಂಕ್ತಿಯಲ್ಲಿ. ಹಾಡಿದವರು, ತಂಬೂರಿ ಹಿಡಿದ ವಿದ್ಯಾರ್ಥಿನಿ, ತಬಲಾ ಸಾಥಿಯವರು, ಅವರನ್ನು ಕರೆತಂದ ವಾಹನದ ಚಾಲಕರು, ರೊಟ್ಟಿ ಬಡಿದ ಹೆಣ್ಣುಮಕ್ಕಳು, ಇವರೆಲ್ಲರೂ ಅದೇ ಊಟವನ್ನು ಅದೇ ಬಗೆಯ ತಾಟಿನಲ್ಲಿ ಉಂಡು ಹೋದರೆ ಮಾತ್ರ ಆ ಮನೆ ಬೈಠಕ್ಕಿಗೆ ಯೋಗ್ಯವಾದ ಮನೆ.

ದಿನ, ವೇಳೆ ಮತ್ತು ಆಹ್ವಾನ

ಅವಳಿ ನಗರದ ಹವೆಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಬೈಠಕ್ಕಿಗೆ ಪ್ರಶಸ್ತ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಲವತ್ತು ಜನ ಕೂಡ್ರುವುದು ಕಷ್ಟ. ಮಳೆಗಾಲದ ಸಂಜೆಗೆ ಮಲ್ಹಾರದ ಸೊಬಗಿದೆ ಎಂಬುದೇನೋ ನಿಜ, ಆದರೆ ತೇವದ ಗಾಳಿಗೆ ತಂಬೂರಿಯ ತಂತಿ ಹಾಗೂ ತಬಲಾದ ಚರ್ಮ ಮೇಲಿಂದ ಮೇಲೆ ಶ್ರುತಿ ತಪ್ಪುತ್ತವೆ. ಆ ದಿನಗಳಲ್ಲಿ ವಾದ್ಯಗಳನ್ನು ಒಂದು ತಾಸು ಮೊದಲೇ ಕೋಣೆಗೆ ತಂದಿರಿಸಿದರೆ ಅವು ಅಲ್ಲಿಯ ಹವೆಗೆ ಹೊಂದಿಕೊಳ್ಳುತ್ತವೆ.

ವೇಳೆಯ ನಿರ್ಧಾರದಲ್ಲಿ ರಾಗಗಳಿಗೂ ಪಾಲಿದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಪ್ರಹರದ ಕಟ್ಟು ಇರುವುದರಿಂದ, ಸಂಜೆ 6 ಗಂಟೆಗೆ ಆರಂಭವಾದರೆ ಮಾರವಾ, ಪೂರಿಯಾ ಧನಾಶ್ರೀಯಂತಹ ಸಂಧಿಕಾಲದ ರಾಗಗಳಿಗೆ ಅವಕಾಶವಾಗುತ್ತದೆ. 7 ಗಂಟೆಗೆ ಆರಂಭಿಸಿದರೆ ಯಮನ್, ಆ ಬಳಿಕ ಬಾಗೇಶ್ರೀ ಸಹಜ. ಭಾನುವಾರದ ಬೆಳಗಿನ ಬೈಠಕ್ ಆದರೆ ತೋಡಿ, ಅಲಹೈಯಾ ಬಿಲಾವಲ್‌ಗಳನ್ನು ಕೇಳಬಹುದು. ಸಭೆಗಳಲ್ಲಿ ಅಪರೂಪವಾಗುತ್ತಿರುವ ಬೆಳಗಿನ ರಾಗಗಳಿಗೆ ಮನೆಯೇ ಆಸರೆ.

ಆಹ್ವಾನವನ್ನು ವಾರ-ಹತ್ತು ದಿನ ಮೊದಲೇ ಕೊಡಬೇಕು. ಕಲಾವಿದರ ಹೆಸರು, ಆರಂಭದ ವೇಳೆ, ಊಟವಿದೆ ಎಂಬ ಮಾತು, ಮನೆಯ ಗುರುತು, ವಾಹನ ನಿಲ್ಲಿಸುವ ಸ್ಥಳ ಇವಿಷ್ಟು ಸ್ಪಷ್ಟವಾಗಿರಲಿ. ವಾಟ್ಸಾಪ್ ಸಂದೇಶದಿಂದ ಕೆಲಸ ನಡೆಯುತ್ತದೆ. ಆದರೂ ಹಿರಿಯರಿಗೆ ದೂರವಾಣಿಯಲ್ಲಿ ಮಾತನಾಡಿ, "ಕಾಕಾರ, ಅವ್ವಾರನ್ನೂ ಕರಕೊಂಡ ಬರ್ರಿ" ಎಂದು ಹೇಳುವುದು ಈ ಭಾಗದ ರೀತಿ. ಹುಬ್ಬಳ್ಳಿಯವರು ಧಾರವಾಡಕ್ಕೆ, ಧಾರವಾಡದವರು ಹುಬ್ಬಳ್ಳಿಗೆ ಬರುವುದೆಂದರೆ ಸುಮಾರು 20 ಕಿಲೋಮೀಟರ್ ದಾರಿ. ಬಸ್ಸಿನಲ್ಲಿ ಮರಳುವವರ ಅನುಕೂಲ ನೋಡಿ ಮುಕ್ತಾಯದ ವೇಳೆ ಗೊತ್ತುಪಡಿಸಬೇಕು. ಒಂಟಿಯಾಗಿ ಬರುವ ಹಿರಿಯರಿಗೂ ಮಹಿಳೆಯರಿಗೂ ಮರಳಿ ಹೋಗಲು ಯಾರ ವಾಹನ ಎಂಬುದನ್ನು ಆತಿಥೇಯರು ಮೊದಲೇ ಗೊತ್ತು ಮಾಡಿಟ್ಟರೆ ಕೊನೆಯ ಹಾಡನ್ನು ಎಲ್ಲರೂ ನಿಶ್ಚಿಂತೆಯಿಂದ ಕೇಳಬಹುದು.

ಸ್ಥಳ ಮತ್ತು ಆಸನ

ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತ ಒಬ್ಬರಿಗೆ ಐದರಿಂದ ಆರು ಚದರಡಿ ಜಾಗ ಬೇಕು. 15 ಅಡಿಗೆ 20 ಅಡಿಯ ಒಂದು ಹಾಲಿನಲ್ಲಿ ಕಲಾವಿದರಿಗೆ 6 ಅಡಿಗೆ 8 ಅಡಿ, ಓಡಾಡಲು ಒಂದು ಕಿರುದಾರಿ ಬಿಟ್ಟರೆ 35ರಿಂದ 40 ಜನರಿಗೆ ಅವಕಾಶವಾಗುತ್ತದೆ. ಅದಕ್ಕಿಂತ ಹೆಚ್ಚು ಜನರನ್ನು ಕರೆದರೆ ಬಾಗಿಲಲ್ಲಿ ನಿಂತವರ ಮಾತು ಒಳಗಿನವರ ಕೇಳ್ಮೆಯನ್ನು ಕೆಡಿಸುತ್ತದೆ. ಎರಡು ಕೋಣೆಯ ಚಿಕ್ಕ ಮನೆಯಾದರೆ ಹದಿನೈದು ಜನರ ಬೈಠಕ್ಕೂ ಬೈಠಕ್ಕೇ.

ಸೋಫಾ, ಮೇಜುಗಳನ್ನು ಹಿಂದಿನ ದಿನವೇ ತೆರವುಗೊಳಿಸಿ ಜಮಖಾನ ಹಾಸಬೇಕು. ಇದಕ್ಕೆ ದೂರ ಹುಡುಕಬೇಕಾಗಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳು ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿವೆ. ಅವನ್ನು ನೇಯುವವರು ಮಹಿಳೆಯರು. ಒಮ್ಮೆ ಕೊಂಡರೆ ಬಹುಕಾಲ ಬಾಳುವ ಈ ನೇಯ್ಗೆ ಬಾಡಿಗೆಯ ಅಲಂಕಾರಕ್ಕಿಂತ ಹೆಚ್ಚು ಶೋಭೆ ತರುತ್ತದೆ. ಗೋಡೆಯ ಬದಿಗೆ ಲೋಡುಗಳನ್ನು ಇರಿಸಿ, ಮೊಣಕಾಲು ನೋವಿನ ಹಿರಿಯರಿಗಾಗಿ ಹಿಂಬದಿಯ ಸಾಲಿನಲ್ಲಿ ಐದಾರು ಕುರ್ಚಿ ಹಾಕುವುದು ಅವಶ್ಯ. ಜಮಖಾನ ಹಾಗೂ ದಪ್ಪ ಪರದೆಗಳು ಕೋಣೆಯ ಪ್ರತಿಧ್ವನಿಯನ್ನು ತಗ್ಗಿಸುತ್ತವೆ ಎಂಬುದು ಇನ್ನೊಂದು ಲಾಭ.

ಕಲಾವಿದರ ಗಾದಿ ಬಾಗಿಲಿಗೆ ಎದುರಾಗಿರದೆ ಗಟ್ಟಿ ಗೋಡೆಗೆ ಬೆನ್ನಾಗಿರಲಿ. ಸಾಮಾನ್ಯವಾಗಿ ಗಾಯಕರ ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ, ಹಿಂದೆ ತಂಬೂರಿಯವರು ಕೂಡ್ರುತ್ತಾರೆ. ಫ್ಯಾನಿನ ಗಾಳಿ ನೇರವಾಗಿ ವಾದ್ಯಗಳ ಮೇಲೆ ಬೀಳಬಾರದು. ಊದುಬತ್ತಿಯನ್ನು ಪೂರ್ವದಲ್ಲಿಯೇ ಹಚ್ಚಿ ಆರಿಸಬೇಕು. ಹೊಗೆ ಗಾಯಕರ ಕಂಠಕ್ಕೆ ವೈರಿ. ಕುಡಿಯಲು ಉಗುರು ಬೆಚ್ಚಗಿನ ನೀರು ಕೈಗೆ ಸಿಗುವಂತಿರಲಿ.

ಕಲಾವಿದರ ಆಯ್ಕೆ ಮತ್ತು ಸಂಭಾವನೆ

ಬೈಠಕ್ಕಿಗೆ ಬಹು ಖ್ಯಾತನಾಮರೇ ಆಗಬೇಕೆಂದಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕಲಾವಿದರು, ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳ ಸಂಗೀತ ಅಧ್ಯಾಪಕರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲದಂತಹ ಸಂಸ್ಥೆಗಳಲ್ಲಿ ಕಲಿತ ತರುಣರು ಅವಳಿ ನಗರದಲ್ಲಿಯೇ ಇದ್ದಾರೆ. ಹೊಸಬರಿಗೆ ಮೊದಲ ಅರ್ಧ ತಾಸು, ಬಳಿಕ ಹಿರಿಯರಿಗೆ ಎರಡು ತಾಸು ಎಂಬ ಏರ್ಪಾಟು ಇಬ್ಬರಿಗೂ ಒಳ್ಳೆಯದು. ತರುಣ ಗಾಯಕರಿಗೆ ಬಲ್ಲವರ ಎದುರು ಕುಳಿತು ಹಾಡುವುದಕ್ಕಿಂತ ದೊಡ್ಡ ಪರೀಕ್ಷೆ ಬೇರಿಲ್ಲ.

ಸಂಭಾವನೆಯ ಮಾತನ್ನು ಸಂಕೋಚದಿಂದ ಮುಂದೂಡುವುದು ತಪ್ಪು. ಗಾಯಕರಿಗೆ ಎಷ್ಟು, ತಬಲಾ ಹಾಗೂ ಹಾರ್ಮೋನಿಯಂ ಸಾಥಿಯವರಿಗೆ ಎಷ್ಟು, ಪ್ರಯಾಣ ವೆಚ್ಚ ಯಾರದು ಎಂಬುದು ಆಹ್ವಾನಿಸುವಾಗಲೇ ನಿಶ್ಚಯವಾಗಬೇಕು. 'ಮನೆಯ ಕಾರ್ಯಕ್ರಮ ತಾನೆ' ಎಂಬ ಸಲಿಗೆ ಕಲಾವಿದರ ಹೊಟ್ಟೆಯ ಮೇಲೆ ಬೀಳುತ್ತದೆ. ಹಣವನ್ನು ಪ್ರತ್ಯೇಕ ಲಕೋಟೆಗಳಲ್ಲಿ ಇರಿಸಿ ಅವರು ಹೊರಡುವ ಮೊದಲು ಕೈಗೆ ಕೊಡುವುದು ಸೌಜನ್ಯ. ಶಾಲು, ಹಣ್ಣು, ಹೂವು ಅದರ ಜೊತೆಗಿರಲಿ, ಅದರ ಬದಲಿಗಲ್ಲ.

ಧ್ವನಿಮುದ್ರಣದ ವಿಷಯದಲ್ಲಿಯೂ ಎಚ್ಚರ ಬೇಕು. ಹಕ್ಕುಸ್ವಾಮ್ಯ ಕಾಯ್ದೆ, 1957 ಪ್ರದರ್ಶನ ನೀಡುವ ಕಲಾವಿದರ ಹಕ್ಕುಗಳನ್ನು ಮಾನ್ಯ ಮಾಡಿದೆ. ಅವರ ಒಪ್ಪಿಗೆಯಿಲ್ಲದೆ ಗಾಯನವನ್ನು ಅಂತರಜಾಲದಲ್ಲಿ ಪ್ರಸಾರ ಮಾಡುವುದು ನೀತಿಗೂ ಕಾನೂನಿಗೂ ವಿರುದ್ಧ. ಆರಂಭದಲ್ಲಿಯೇ ಆತಿಥೇಯರು ಕಲಾವಿದರನ್ನು ಕೇಳಿ, ಕೇಳುಗರಿಗೆ ತಿಳಿಸಿಬಿಟ್ಟರೆ ಮುಂದೆ ಮುಜುಗರವಿಲ್ಲ.

ಶಬ್ದ ಮತ್ತು ನೆರೆಹೊರೆ

ನಲವತ್ತು ಜನರ ಕೋಣೆಗೆ ಧ್ವನಿವರ್ಧಕದ ಅಗತ್ಯವೇ ಇಲ್ಲ. ತಂಬೂರಿಯ ನಾದ, ಗಾಯಕರ ಉಸಿರು, ತಬಲಾದ ಬಾಯಾದ ಗುಂಗು ಇವು ಯಂತ್ರದ ಮಧ್ಯಸ್ಥಿಕೆಯಿಲ್ಲದೆ ಕಿವಿಗೆ ಸೇರುವುದೇ ಬೈಠಕ್ಕಿನ ವಿಶೇಷ.

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯಿದೆ. ಖಾಸಗಿ ಸ್ಥಳದ ಧ್ವನಿ ಸಾಧನಗಳ ಸದ್ದು ಆ ಸ್ಥಳದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಆದ್ದರಿಂದ 6 ಗಂಟೆಗೆ ಆರಂಭಿಸಿ 9ಕ್ಕೆ ಮುಗಿಸುವ ಕ್ರಮ ಕಾನೂನಿಗೂ ನೆರೆಯವರ ನಿದ್ದೆಗೂ ಹೊಂದುತ್ತದೆ. ವಸತಿ ಸಮುಚ್ಚಯದಲ್ಲಿದ್ದರೆ ಮೇಲಿನ, ಕೆಳಗಿನ, ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ, ಅವರನ್ನೂ ಕರೆಯುವುದು ಮೇಲು. ಪರೀಕ್ಷೆಯ ದಿನಗಳಾದ ಮಾರ್ಚ್ ತಿಂಗಳನ್ನು ಬಿಡುವುದು ವಿವೇಕ.

ಚಹಾ ಮತ್ತು ಊಟ

ಗಾಯನಕ್ಕೆ ಮುಂಚೆ ಲಘುವಾದುದು, ಬಳಿಕ ಊಟ ಎಂಬುದು ರೂಢಿ. ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಚಹಾ. ಚಹಾದ ಜೊತೆ ಗಿರಮಿಟ್ಟು ಈ ಊರಿನ ಗುರುತು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲ ಕೂಡಿಸಿ ಬೇಯಿಸಿದ ಗೊಜ್ಜನ್ನು ಮೊದಲೇ ಮಾಡಿಟ್ಟುಕೊಂಡು, ಕೊಡುವ ಹೊತ್ತಿಗೆ ಚುರುಮರಿ ಹಾಗೂ ಪುಟಾಣಿ ಹಿಟ್ಟು ಬೆರೆಸಬೇಕು. ತಡವಾದರೆ ಮೆತ್ತಗಾಗುತ್ತದೆ. ಮಿರ್ಚಿ ಭಜಿ ಕರಿಯುವುದಾದರೆ ಹಾಡು ಮುಗಿದ ಮೇಲೆಯೇ ಸರಿ. ಎಣ್ಣೆಯಲ್ಲಿ ಬೇಯುವ ಮೆಣಸಿನಕಾಯಿಯ ಘಾಟು ನಡುಮನೆಗೆ ಹರಿದು ಗಾಯಕರು ಕೆಮ್ಮಿದರೆ ಯಮನ್ ಅಲ್ಲಿಗೆ ನಿಂತಂತೆ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಮಡಿಕೆ ಕಾಳು ಅಥವಾ ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಮೆಂತ್ಯೆ ಸೊಪ್ಪು, ಸವತಿಕಾಯಿ, ಉಳ್ಳಾಗಡ್ಡಿ, ಕೊನೆಗೆ ಅನ್ನ-ಸಾರು ಇದ್ದರೆ ಸಾಕು. ಒಂದು ಕಿಲೋ ಜೋಳದ ಹಿಟ್ಟಿಗೆ ಸುಮಾರು 15ರಿಂದ 18 ರೊಟ್ಟಿಗಳಾಗುತ್ತವೆ. ತಲಾ ಎರಡರಂತೆ ನಲವತ್ತು ಜನರಿಗೆ 80, ಮೇಲೆ 20 ಹೆಚ್ಚು ಎಂದು 6 ಕಿಲೋ ಹಿಟ್ಟು ಲೆಕ್ಕಕ್ಕೆ ಹಿಡಿಯಬಹುದು. ಸಿಹಿಗೆ ಶೇಂಗಾ ಹೋಳಿಗೆ ಉಚಿತ. ಅದು ನಾಲ್ಕಾರು ದಿನ ಕೆಡದೆ ಉಳಿಯುವುದರಿಂದ ಮುಂಚಿತವಾಗಿ ಮಾಡಿಡಬಹುದು. ಕಡಲೆಬೇಳೆ ಹೋಳಿಗೆಗೆ ಆ ಅನುಕೂಲವಿಲ್ಲ.

ಜೋಳ ಹಾಲುಗಾಳಾಗಿರುವ ಚಳಿಗಾಲದಲ್ಲಿ ಸೀತನಿ ದೊರೆತರೆ ಅದನ್ನು ಬಿಡಬಾರದು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ, ಶೇಂಗಾ ಹಿಂಡಿ ಹಾಗೂ ಬೆಲ್ಲದೊಂದಿಗೆ ತಿನ್ನುವ ಈ ತಿನಿಸು ಯಾವ ಹೋಟೆಲಿನ ಪಟ್ಟಿಯಲ್ಲೂ ಸುಲಭಕ್ಕೆ ಸಿಗದು.

ಅಡುಗೆಮನೆಯ ಬಾಗಿಲ ಹಿಂದೆ

ಹಳೆಯ ಬೈಠಕ್ಕುಗಳ ನೆನಪುಗಳಲ್ಲಿ ಒಂದು ಕೊರತೆ ಕಾಣುತ್ತದೆ. ಮನೆಯೊಡೆಯರು ಮುಂದಿನ ಸಾಲಿನಲ್ಲಿ ಕುಳಿತು 'ಕ್ಯಾ ಬಾತ್' ಎನ್ನುತ್ತಿದ್ದರೆ, ಒಡತಿಯರು ಒಲೆಯ ಮುಂದೆ ಕುಳಿತು ಬಾಗಿಲ ಸಂದಿಯಿಂದ ಕೇಳಿದ್ದೇ ಹೆಚ್ಚು. ಯಾವ ಮನೆಯಲ್ಲಿ ಸಂಗೀತ ನಡೆಯಿತೋ ಆ ಮನೆಯ ಹೆಣ್ಣುಮಕ್ಕಳಿಗೆ ಪೂರ್ತಿ ಒಂದು ರಾಗ ಕೇಳುವ ಯೋಗವಿರಲಿಲ್ಲ.

ಇಂದು ಇದಕ್ಕೆ ಪರಿಹಾರ ಕಠಿಣವೇನಲ್ಲ. ಅವಳಿ ನಗರದ ಬಡಾವಣೆಗಳಲ್ಲಿ ಮಹಿಳೆಯರು ನಡೆಸುವ ರೊಟ್ಟಿ ಮನೆಗಳೂ ಖಾನಾವಳಿಗಳೂ ಇವೆ. ಹಿಂದಿನ ದಿನವೇ ಹೇಳಿಟ್ಟರೆ ರೊಟ್ಟಿ, ಹಿಂಡಿ, ಪಲ್ಯಗಳು ವೇಳೆಗೆ ಸರಿಯಾಗಿ ಬರುತ್ತವೆ. ಕಡಕ್ ರೊಟ್ಟಿಯಾದರೆ ವಾರದ ಮೊದಲೇ ತಂದಿಡಬಹುದು. ಎಣ್ಣಿಗಾಯಿ, ಸಾರುಗಳನ್ನು ಮಧ್ಯಾಹ್ನವೇ ಮುಗಿಸಿ, ಬಡಿಸುವ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ಹಂಚಿಕೊಂಡರೆ ತಂಬೂರಿ ಮಿಡಿಯುವ ಹೊತ್ತಿಗೆ ಅಡುಗೆಮನೆಯ ದೀಪ ಆರಿರುತ್ತದೆ. ಆ ಮನೆಯ ಒಡತಿ ಮೊದಲ ಸಾಲಿನಲ್ಲಿ ಕುಳಿತಿರುವುದೇ ಉತ್ತಮ ಏರ್ಪಾಟಿನ ಲಕ್ಷಣ.

ಕೇಳುಗರ ನಡೆ

ಬೈಠಕ್ಕಿನಲ್ಲಿ ಕೇಳುಗರೂ ಅರ್ಧ ಕಲಾವಿದರೇ. ವಿಲಂಬಿತ ಖ್ಯಾಲದ ನಡುವೆ ಎದ್ದು ಹೋಗುವುದು, ಮೊಬೈಲ್ ಮೊಳಗಲು ಬಿಡುವುದು, ಸಮಕ್ಕೆ ಬರುವ ಮುನ್ನವೇ ಚಪ್ಪಾಳೆ ತಟ್ಟುವುದು ಸಲ್ಲದು. ತಡವಾಗಿ ಬಂದವರು ಒಂದು ಬಂದಿಶ್ ಮುಗಿಯುವವರೆಗೆ ಹೊರಗೆ ಕಾಯಬೇಕು. ಚಿಕ್ಕ ಮಕ್ಕಳನ್ನು ದೂರವಿಡಬೇಕೆಂದಿಲ್ಲ. ಬಾಗಿಲ ಹತ್ತಿರ ಕೂಡ್ರಿಸಿಕೊಂಡರೆ ಬೇಸರವಾದಾಗ ಹೊರಗೆ ಕರೆದೊಯ್ಯಬಹುದು. ಈ ನೆಲದ ಅನೇಕ ಗಾಯಕರ ಕಿವಿ ತೆರೆದುದು ದೊಡ್ಡವರ ಮಗ್ಗುಲಲ್ಲಿ ನಿದ್ದೆಗಣ್ಣಿನಲ್ಲಿ ಕುಳಿತಾಗಲೇ.

ಫರಮಾಯಿಷಿ ಅಂದರೆ ಮೆಚ್ಚಿನ ರಾಗದ ಕೋರಿಕೆಯನ್ನು ಆತಿಥೇಯರ ಮೂಲಕ, ವಿರಾಮದ ವೇಳೆಯಲ್ಲಿ ಸಲ್ಲಿಸುವುದು ಕ್ರಮ. ಖ್ಯಾಲದ ನಂತರ ವಚನ, ದಾಸರ ಪದ, ನಾಟ್ಯಸಂಗೀತ ಕೇಳುವುದು ಧಾರವಾಡದ ರಸಿಕರ ವಾಡಿಕೆ. ಮಲ್ಲಿಕಾರ್ಜುನ ಮನಸೂರರು ವಚನಗಳಿಗೆ ರಾಗದ ಗಾಂಭೀರ್ಯ ತಂದುಕೊಟ್ಟರು. ಭೈರವಿಯೊಂದಿಗೆ ಮುಕ್ತಾಯ.

ಬೀಳ್ಕೊಡುವಾಗ

ಊಟದ ನಂತರ ಎಲೆ-ಅಡಿಕೆ, ಜೊತೆಗೆ ಎರಡೆರಡು ಧಾರವಾಡ ಪೇಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದಿಂದ ವಲಸೆ ಬಂದ ಠಾಕೂರ ಮನೆತನದ ಕೈಯಲ್ಲಿ ರೂಪುಗೊಂಡ ಈ ಪೇಡೆ ಇಂದು ಊರಿನ ಹೆಸರನ್ನೇ ಹೊತ್ತಿದೆ. ಹೊರಗಿನಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಂಡ ಊರಿನ ಗುಣಕ್ಕೆ ಅದೊಂದು ಸಾಕ್ಷಿ. ಗಾಯಕಿಗೆ ಉಡಿ ತುಂಬುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅರಿಷಿಣ-ಕುಂಕುಮ ಕೊಡುವಾಗ ವಿಧವೆಯರನ್ನು ಬದಿಗೆ ಸರಿಸುವ ಹಳೆಯ ರೂಢಿ ಮಾತ್ರ ಬೇಡ. ಬಂದ ಹೆಣ್ಣುಮಕ್ಕಳೆಲ್ಲರಿಗೂ ಸಮಾನವಾಗಿ ಹೂವು, ಪೇಡೆ ಸಲ್ಲಲಿ.

ಬೈಠಕ್ ನಡೆಸಲು ಅರಮನೆ ಬೇಕಿಲ್ಲ, ಅಪಾರ ಹಣವೂ ಬೇಕಿಲ್ಲ. ಒಂದು ಓಣಿಯಲ್ಲಿ ಐದು ಮನೆಯವರು ಸೇರಿ ವರ್ಷಕ್ಕೆ ತಲಾ ಒಂದು ಬಾರಿ ಏರ್ಪಡಿಸಿದರೆ ಐದು ಸಂಜೆಗಳಾಗುತ್ತವೆ. ಐದಾರು ತರುಣ ಕಲಾವಿದರಿಗೆ ಬಲ್ಲ ಕೇಳುಗರು ದೊರೆಯುತ್ತಾರೆ. ಪಕ್ಕದ ಮನೆಯವರ ಹೆಸರು ಪರಸ್ಪರ ತಿಳಿಯುತ್ತದೆ. ಬಾಗಿಲಲ್ಲಿ ನಿಂತು "ಹೋಗಿ ಬರ್ತೇವ್ರಿ" ಎಂದು ಅತಿಥಿಗಳು ಹೇಳಿದಾಗ "ಮುಂದಿನ ಸಲ ನಿಮ್ಮ ಮನ್ಯಾಗ" ಎಂಬ ಉತ್ತರ ಬಂದರೆ, ಪರಂಪರೆ ಇನ್ನೊಂದು ಮನೆಗೆ ದಾಟಿತೆಂದೇ ಅರ್ಥ.